ತಾಮ್ರದ ಮುಚ್ಚಳ

ಇರ್ಮೆಲಿಯ ಕೆಲಸ ಮುಚ್ಚಳ ಹಾಕುವುದು.
ಬಸ್ಸಿನಲ್ಲಿ ಪಕ್ಕದವರು ಕೇಳಿದರೆ ಇಷ್ಟೇ ಹೇಳುತ್ತಾಳೆ.
ಸೌತೆಕಾಯಿ ಉಪ್ಪಿನಕಾಯಿಯ ಭರಣಿಗೆ
ಎಂದು ಅವರು ಅಂದುಕೊಂಡರೆ ಅಂದುಕೊಳ್ಳಲಿ.

ಅವಳ ಭರಣಿ ಎರಡಾಳು ಎತ್ತರ,
ಮೂರು ಬೆರಳ ದಪ್ಪ ತಾಮ್ರ.
ಒಳಗೆ, ಫಿನ್ಲೆಂಡಿನ ಎಷ್ಟೋ ಚಳಿಗಾಲಗಳನ್ನು
ಬೆಚ್ಚಗಿಟ್ಟು ಸುಸ್ತಾದ ಯುರೇನಿಯಂ.
ಸುಸ್ತಾಗಿದೆ, ಸತ್ತಿಲ್ಲ.
ಕೆಂಡದ ಮೇಲೆ ಬೂದಿ ಕೂತಿದೆ, ಅಷ್ಟೆ.

ತಾಮ್ರವನ್ನು ಇಲ್ಲಿ ಕರಗಿಸುವುದಿಲ್ಲ.
ಗಿರ್ರನೆ ತಿರುಗುವ ಮೊಳೆಯೊಂದು
ಅಂಚಿಗೆ ಅಂಚನ್ನು ನಾದುತ್ತ ನಡೆಯುತ್ತದೆ,
ಸಾಲದಾದ ಹಿಟ್ಟಿಗೆ ಇನ್ನಷ್ಟು ಹಿಟ್ಟು ಬೆರೆಸಿದಂತೆ.
ದಪ್ಪ ಗಾಜಿನಾಚೆ ಯಂತ್ರ, ಈಚೆ ಇರ್ಮೆಲಿ.
ಸುತ್ತು ಮುಗಿದಾಗ
ಎಲ್ಲಿಯವರೆಗೆ ಭರಣಿ, ಎಲ್ಲಿಂದ ಮುಚ್ಚಳ
ಲೋಹಕ್ಕೇ ನೆನಪಿರುವುದಿಲ್ಲ.

ಆಮೇಲೆ ಇಳಿಯುವುದು.
ನಾನೂರು ಮೀಟರಿಗಿಂತ ಆಳ,
ಸುರಂಗದ ಗೋಡೆಯಲ್ಲಿ ಕೆಂಪು ನರಗಳ ಕಲ್ಲು.
ನೂರ ತೊಂಬತ್ತು ಕೋಟಿ ವರ್ಷ ಅದಕ್ಕೆ.
ಅದರ ಲೆಕ್ಕದಲ್ಲಿ ನಾವು
ಬಾಗಿಲು ತಟ್ಟಿ ಓಡಿಹೋದ ಮಕ್ಕಳು.
ಭರಣಿಯ ಸುತ್ತ ಜೇಡಿಮಣ್ಣು ಮೆತ್ತುತ್ತಾರೆ.
ನೀರು ಕುಡಿದಷ್ಟೂ ಊದಿ
ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಮಣ್ಣು.

ಎಷ್ಟು ದಿನ ಇರಬೇಕು?
ಲಕ್ಷ ವರ್ಷ.

ಇರ್ಮೆಲಿ ಲಕ್ಷವನ್ನು ಹಿಡಿಯಲು ನೋಡಿದ್ದಾಳೆ.
ಅಜ್ಜ ದೋಣಿ ಕಟ್ಟುತ್ತಿದ್ದ ಕಂಬ
ಈಗ ಹುಲ್ಲಿನ ನಡುವೆ ನಿಂತಿದೆ.
ಹಿಮದ ಮೂಟೆ ಇಳಿಸಿದ ನೆಲ ಇನ್ನೂ ಏಳುತ್ತಿದೆ,
ವರ್ಷಕ್ಕೆ ಒಂದು ಭತ್ತದ ದಪ್ಪ.
ಮೂರು ತಲೆಮಾರಿಗೆ ಕಡಲು ಅಷ್ಟು ಸರಿಯಿತು.
ಅಲ್ಲಿಂದ ಮುಂದಕ್ಕೆ ಲೆಕ್ಕ ಹೋಗುವುದಿಲ್ಲ,
ಕಾಫಿ ಆರುತ್ತದೆ.

ಮೇಲೆ ಏನು ಬರೆಯಬೇಕೆಂದು
ಊಟದ ಕೋಣೆಯಲ್ಲಿ ಜಗಳ.
ತಲೆಬುರುಡೆ ಬರೆಯೋಣ ಅಂದ ಓಸ್ಮೊ.
ಬುರುಡೆ ಕಂಡರೆ ಹುಡುಗರು ಅಗೆಯದೆ ಬಿಟ್ಟಾರೆಯೆ
ಅಂದಳು ತೂಲಿಕ್ಕಿ.
ಮುಳ್ಳಿನ ಕಂಬ? ಯಾರೋ ದೇವರೆಂದು ಕೈ ಮುಗಿದಾರು.

ನಮ್ಮ ಕಡೆ ಕಲ್ಲಿನ ಕೊನೆಗೆ ಹೀಗೆ ಕೊರೆಸುತ್ತಿದ್ದರು:
ಇದನ್ನು ಅಳಿದವನು
ವಾರಣಾಸಿಯಲ್ಲಿ ಸಾವಿರ ಕವಿಲೆಗಳ ಕೊಂದ
ಪಾಪಕ್ಕೆ ಹೋಗುವನು.
ಪಕ್ಕದಲ್ಲಿ ಸೂರ್ಯ, ಚಂದ್ರ, ಸಾಕ್ಷಿಗೆ.
ಸಾವಿರ ವರ್ಷವೂ ತುಂಬಲಿಲ್ಲ,
ಆ ಕಲ್ಲಿನ ಮೇಲೆ ಬಟ್ಟೆ ಒಗೆದರು.
ಓದಬಲ್ಲವರು ಹಿಡಿಯಷ್ಟು.
ಓದಲಾರದವರು ಶಾಪದ ಕೆಳಗೆ ನಿಧಿ ಇದೆಯೆಂದು
ಅಮಾವಾಸ್ಯೆಗೆ ಗುದ್ದಲಿ ತಂದರು.

ಇದನ್ನು ಇರ್ಮೆಲಿಗೆ ಯಾರೂ ಹೇಳಿಲ್ಲ.
ಆದರೂ ಅವಳದು ಒಂದೇ ಮಾತು:
ಏನೂ ಬೇಡ. ಕಾಡು ಬೆಳೆಯಲಿ.
ನೀಲಿಹಣ್ಣು ಕೀಳಲು ಬಂದವರು
ಹಣ್ಣಷ್ಟೇ ಕಿತ್ತುಕೊಂಡು ಹೋಗಲಿ.

ಮಂಗಳವಾರ, ಒಂದು ಮುಚ್ಚಳದ ಬೆಸುಗೆಯಲ್ಲಿ
ಶಬ್ದದ ಅಲೆ ಏನನ್ನೋ ಎಡವಿತು.
ಪರದೆಯ ಮೇಲೆ ಬೂದುಬಣ್ಣದ ಚುಕ್ಕೆ,
ಸಾಸಿವೆಗಿಂತ ಚಿಕ್ಕ ಗುಳ್ಳೆ.
ನಿಯಮದೊಳಗೇ ಇದೆ, ಸಹಿ ಹಾಕು ಅಂದ ಓಸ್ಮೊ,
ಅವನ ಮಗಳ ಸ್ಕೇಟಿಂಗ್ ಐದಕ್ಕೆ.

ಇರ್ಮೆಲಿ ಚುಕ್ಕೆಯನ್ನು ನೋಡಿದಳು.
ಅದರ ಆ ಬದಿಯಲ್ಲಿ ಯಾರೋ.
ಅವರಿಗೆ ಫಿನ್ನಿಷ್ ಬಾರದು, ಯಾವ ಭಾಷೆಯೂ
ನಮ್ಮದರಂತಿರದು.
ಬಾವಿ ತೋಡುತ್ತಿರಬಹುದು.
ನೀರು ಬಂತೆಂದು ಮಗುವಿಗೆ ಮೊದಲ ಬೊಗಸೆ
ಕೊಡುತ್ತಿರಬಹುದು.
ಪಟ್ಟಿಯಲ್ಲಿ ಅವರ ಹೆಸರಿಗೆ ಕಲಂ ಇಲ್ಲ.

ತೆಗಿ, ಇನ್ನೊಮ್ಮೆ ಮಾಡೋಣ ಅಂದಳು.
ಓಸ್ಮೊ ಮನೆಗೆ ಫೋನು ಮಾಡಿದ.

ರಾತ್ರಿ ಒಂಬತ್ತರ ಬಸ್ಸು. ಹೊರಗೆ ಹಿಮ.
ಇರ್ಮೆಲಿಯ ಚೀಲ ಒದ್ದೆ:
ಫ್ಲಾಸ್ಕಿನ ಮುಚ್ಚಳ ಸೋರುತ್ತದೆ.
ವರ್ಷವಾಯಿತು.
ಬದಲಿಸಬೇಕು, ಬದಲಿಸಬೇಕು
ಅಂದುಕೊಳ್ಳುತ್ತಲೇ ಇದ್ದಾಳೆ.